ಕಪ್ಪು ಕುಳಿಯೂ ಕಳೆದುಹೋದ ಲೆಕ್ಕವೂ

ಒಂದು ವಸ್ತು ಪೂರ್ತಿಯಾಗಿ ನಾಶವಾದ ಮೇಲೆ, ಅದು ಏನಾಗಿತ್ತು ಎಂಬ ಸಂಗತಿಯೂ ನಾಶವಾಗುತ್ತದೆಯೆ? ತತ್ತ್ವಚಿಂತಕರು ಬಹುಕಾಲದಿಂದ ಕೇಳುತ್ತ ಬಂದಿರುವ ಈ ಪ್ರಶ್ನೆಯನ್ನು ಕಳೆದ ಅರ್ಧ ಶತಮಾನದಿಂದ ಭೌತವಿಜ್ಞಾನಿಗಳೂ ಕೇಳುತ್ತಿದ್ದಾರೆ. ಅವರು ಅದಕ್ಕೆ ಆರಿಸಿಕೊಂಡ ಸ್ಥಳ ಆಕಾಶದಲ್ಲಿರುವ ಕಪ್ಪು ಕುಳಿ. ಅದರೊಳಕ್ಕೆ ಬಿದ್ದ ವಸ್ತುವಿನ ಮಾಹಿತಿ ಉಳಿಯುತ್ತದೆಯೋ ಅಳಿಯುತ್ತದೆಯೋ ಎಂಬ ವಿವಾದ ದೊಡ್ಡ ದೊಡ್ಡ ಪಂಡಿತರನ್ನು ಎರಡು ಪಕ್ಷಗಳಾಗಿ ಒಡೆದಿತ್ತು. ಈಗ ಬಹುಮತ ಉಳಿಯುತ್ತದೆ ಎಂಬ ಕಡೆಗೆ ವಾಲಿದೆ. ಇದನ್ನು ಕೇಳಿದೊಡನೆ, "ನೋಡಿ, ಯಾವುದೂ ಅಳಿಯದೆಂದು ವಿಜ್ಞಾನವೇ ಒಪ್ಪಿತು, ಮಾಡಿದ ಕರ್ಮ ಬಿಡದು ಎಂಬ ನಮ್ಮ ಮಾತು ಸಿದ್ಧವಾಯಿತು" ಎನ್ನುವವರು ನಮ್ಮಲ್ಲಿ ಇದ್ದಾರೆ. ಈ ಮಾತು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಅದಕ್ಕೆ ಮೊದಲು ವಿಜ್ಞಾನಿಗಳು ನಿಜವಾಗಿ ಹೇಳಿರುವುದೇನೆಂದು ತಿಳಿಯುವುದು ಅವಶ್ಯ.

ಬೆಳಕೂ ತಪ್ಪಿಸಿಕೊಳ್ಳಲಾರದಷ್ಟು ಗುರುತ್ವಾಕರ್ಷಣೆಯುಳ್ಳ ನಕ್ಷತ್ರವಿರಬಹುದೆಂದು ಇಂಗ್ಲೆಂಡಿನ ಜಾನ್ ಮಿಚೆಲ್ 1783ರಲ್ಲಿಯೇ ಊಹಿಸಿದ್ದನು. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತ ಪ್ರಕಟವಾದ ಕೆಲವೇ ತಿಂಗಳುಗಳಲ್ಲಿ, 1916ರಲ್ಲಿ, ಕಾರ್ಲ್ ಶ್ವಾರ್ಟ್ಸ್‌ಶೀಲ್ಡ್ ಅದಕ್ಕೆ ಬೇಕಾದ ಗಣಿತವನ್ನು ಒದಗಿಸಿದರು. 1930ರಲ್ಲಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೊರಟಿದ್ದ ತರುಣ ಚಂದ್ರಶೇಖರರು, ಉರಿದು ಮುಗಿದ ನಕ್ಷತ್ರವು ಶ್ವೇತ ಕುಬ್ಜವಾಗಿ ನಿಲ್ಲಬೇಕಾದರೆ ಅದರ ತೂಕಕ್ಕೊಂದು ಮಿತಿಯುಂಟೆಂದು ಲೆಕ್ಕ ಹಾಕಿದರು. ಆ ಮಿತಿ ಸೂರ್ಯನ ಸುಮಾರು 1.4 ಪಟ್ಟು. ಅದನ್ನು ಬಹಳವಾಗಿ ಮೀರಿದ್ದು ಕುಸಿಯುತ್ತಲೇ ಹೋಗುತ್ತದೆ. ನಮ್ಮ ಸೂರ್ಯನನ್ನು ಸುಮಾರು 3 ಕಿಲೋಮೀಟರ್ ತ್ರಿಜ್ಯದೊಳಗೆ, ಭೂಮಿಯನ್ನು ಸುಮಾರು 9 ಮಿಲಿಮೀಟರ್ ತ್ರಿಜ್ಯದೊಳಗೆ ಅಡಕಿದರೆ ಅವು ಕಪ್ಪು ಕುಳಿಗಳಾಗುತ್ತವೆ. ಅದರ ಸುತ್ತ ಒಂದು ಎಲ್ಲೆಯುಂಟು. ಅದಕ್ಕೆ ಘಟನಾ ದಿಗಂತವೆಂದು ಹೆಸರು. ಅದನ್ನು ದಾಟಿ ಒಳಹೊಕ್ಕದ್ದು ಹೊರಬರಲಾರದು. ಇದು ಈಗ ಕೇವಲ ಊಹೆಯಲ್ಲ. ಎಂ 87 ಎಂಬ ದೂರದ ಗೆಲಾಕ್ಸಿಯ ನಡುವೆ ಇರುವ, ಸೂರ್ಯನ ಸುಮಾರು 650 ಕೋಟಿ ಪಟ್ಟು ತೂಕದ ಕಪ್ಪು ಕುಳಿಯ ನೆರಳಿನ ಚಿತ್ರ 2019ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು.

ಈ ಕಥೆಯಲ್ಲಿ ಕನ್ನಡಿಗರೊಬ್ಬರ ಪಾಲೂ ಇದೆ. ಬೆಂಗಳೂರಿನಲ್ಲಿ ಹುಟ್ಟಿ, ಮುಂದೆ ಅಲ್ಲಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾದ ಸಿ. ವಿ. ವಿಶ್ವೇಶ್ವರ ಅವರು, ಕಪ್ಪು ಕುಳಿಯನ್ನು ಕದಡಿದರೆ ಏನಾಗುತ್ತದೆಂದು 1970ರಲ್ಲಿ ಲೆಕ್ಕ ಮಾಡಿ ತೋರಿಸಿದರು. ಬಾರಿಸಿದ ಗಂಟೆಯ ನಾದ ಕ್ರಮೇಣ ಅಡಗುವಂತೆ ಅದರ ಕಂಪನ ಅಡಗಿ, ಕುಳಿಯು ಮತ್ತೆ ಪ್ರಶಾಂತವಾಗುತ್ತದೆ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಉಪಕರಣಗಳು ಎರಡು ಕಪ್ಪು ಕುಳಿಗಳು ಕೂಡಿ ಒಂದಾದ ಅಲೆಗಳನ್ನು ಹಿಡಿದಾಗ, ಕೊನೆಯಲ್ಲಿ ಕೇಳಿದ್ದು ಇಂಥ ಅಡಗುವ ನಾದವೇ. 2017ರ ಜನವರಿಯಲ್ಲಿ ಅವರು ತೀರಿಕೊಂಡರು. ಅದಕ್ಕೆ ಮೊದಲೇ ತಮ್ಮ ಲೆಕ್ಕ ನಿಜವಾದುದನ್ನು ಕಾಣುವ ಭಾಗ್ಯ ಅವರಿಗೆ ದೊರೆಯಿತು.

ಹೀಗೆ ಕಂಪನವೆಲ್ಲ ಅಡಗಿದ ಮೇಲೆ ಹೊರಗಿನವನಿಗೆ ತಿಳಿಯುವುದು ಮೂರೇ ಸಂಗತಿಗಳು: ಕುಳಿಯ ದ್ರವ್ಯರಾಶಿ, ಅದರ ಭ್ರಮಣ, ಅದರ ವಿದ್ಯುದಂಶ. ಒಳಗೆ ಬಿದ್ದದ್ದು ಕಲ್ಲೋ ಗ್ರಂಥಭಂಡಾರವೋ ಎಂದು ಹೊರಗಿನಿಂದ ಹೇಳಲಾಗದು. ಲೆಕ್ಕ ಬಲ್ಲವರಿಗೆ ಇದು ಸುಲಭವಾಗಿ ತಿಳಿಯುವ ಮಾತು. ದಿನದ ಕೊನೆಯಲ್ಲಿ ಆಖೈರು ಶಿಲ್ಕು 5,000 ರೂಪಾಯಿ ಎಂದು ಬರೆದಿದ್ದರೆ, ಆ ಒಂದು ಅಂಕಿಯಿಂದ ಅಂದು ಯಾರು ಎಷ್ಟು ಕೊಟ್ಟರು, ಯಾರಿಗೆ ಎಷ್ಟು ಸಂದಿತು ಎಂದು ಹೇಳಲಾಗದು. ಸಾವಿರ ಬಗೆಯ ವ್ಯವಹಾರಗಳಿಂದ ಅದೇ ಶಿಲ್ಕು ಬರಬಹುದು. ಅದನ್ನು ತಿಳಿಯಲು ಕಿರ್ದಿ ಪುಸ್ತಕ ಬೇಕು. ಕಪ್ಪು ಕುಳಿ ಹೊರಜಗತ್ತಿಗೆ ಶಿಲ್ಕನ್ನು ಮಾತ್ರ ತೋರಿಸಿ ಕಿರ್ದಿಯನ್ನು ಒಳಗಿಟ್ಟುಕೊಳ್ಳುತ್ತದೆ.

ಅಮೆರಿಕದ ಭೌತವಿಜ್ಞಾನಿ ಜಾನ್ ವೀಲರ್ ಇದನ್ನು ವಿನೋದವಾಗಿ ಒಂದು ಅಪರಾಧದ ಕಥೆಯನ್ನಾಗಿ ಮಾಡಿದ್ದರು. ಬಿಸಿ ಚಹದ ಬಟ್ಟಲನ್ನು ತಣ್ಣನೆಯ ಚಹದ ಬಟ್ಟಲಿನ ಪಕ್ಕದಲ್ಲಿಟ್ಟರೆ ಎರಡೂ ಉಗುರುಬೆಚ್ಚಗಾಗುತ್ತವೆ, ಜಗತ್ತಿನ ಅವ್ಯವಸ್ಥೆ, ಅಂದರೆ ಎಂಟ್ರೊಪಿ, ಅಷ್ಟು ಹೆಚ್ಚುತ್ತದೆ, ಅದನ್ನು ಹಿಂದಿರುಗಿಸಲಾಗದು. ಇದು ನಾನು ಮಾಡಿದ ಅಪರಾಧ. ಆದರೆ ಆ ಬಟ್ಟಲುಗಳನ್ನು ಕಪ್ಪು ಕುಳಿಗೆ ಎಸೆದುಬಿಟ್ಟರೆ ಅಪರಾಧದ ಸಾಕ್ಷ್ಯವೇ ಅಳಿಯುವುದಲ್ಲವೆ? ಇದು ಅವರು ತಮ್ಮ ಶಿಷ್ಯ ಬೆಕೆನ್‌ಸ್ಟೈನರಿಗೆ ಹಾಕಿದ ಪ್ರಶ್ನೆ. ಶಿಷ್ಯರು ಯೋಚಿಸಿ ಕೊಟ್ಟ ಉತ್ತರ ಹೀಗಿತ್ತು: ಸಾಕ್ಷ್ಯ ಅಡಗುವುದಿಲ್ಲ, ವಸ್ತು ಒಳಬಿದ್ದಾಗ ಕುಳಿಯ ದಿಗಂತದ ವಿಸ್ತೀರ್ಣ ಹೆಚ್ಚುತ್ತದೆ, ಆ ವಿಸ್ತೀರ್ಣವೇ ಎಂಟ್ರೊಪಿಯ ಅಳತೆ. 1972-73ರಲ್ಲಿ ಬಂದ ಈ ವಿಚಾರವನ್ನು ಆರಂಭದಲ್ಲಿ ಒಪ್ಪದವರಲ್ಲಿ ಸ್ಟೀಫನ್ ಹಾಕಿಂಗ್ ಒಬ್ಬರು. ಆದರೆ 1974ರಲ್ಲಿ ಅವರದೇ ಲೆಕ್ಕ ಅವರನ್ನು ಬೆಕೆನ್‌ಸ್ಟೈನರ ಕಡೆಗೆ ತಂದಿತು. ಕ್ವಾಂಟಂ ನಿಯಮಗಳನ್ನು ಅನ್ವಯಿಸಿದರೆ ಕಪ್ಪು ಕುಳಿ ಪೂರ್ತಿ ಕಪ್ಪಲ್ಲ. ಅದು ಅತಿ ಮಂದವಾಗಿ ಶಾಖವನ್ನು ಸೂಸುತ್ತ ನಿಧಾನವಾಗಿ ಸವೆದುಹೋಗುತ್ತದೆ. ಸೂರ್ಯನಷ್ಟು ತೂಕದ ಕುಳಿಯೊಂದು ಹೀಗೆ ಮುಗಿಯಲು 1ರ ಮುಂದೆ 67 ಸೊನ್ನೆಗಳನ್ನು ಬರೆದಷ್ಟು ವರ್ಷಗಳು ಬೇಕು. ವಿಶ್ವದ ಈಗಿನ ವಯಸ್ಸು ಸುಮಾರು 1,380 ಕೋಟಿ ವರ್ಷ ಮಾತ್ರ.

ಇಲ್ಲಿಯೇ ತೊಡಕು ಹುಟ್ಟಿತು. ಒಳಗೆ ಅಡಗಿರುವವರೆಗೆ ಕಿರ್ದಿ ಎಲ್ಲೋ ಇದೆ ಎಂದು ಸಮಾಧಾನಪಡಬಹುದು. ಕುಳಿಯೇ ಸವೆದು ಇಲ್ಲವಾದರೆ? ಹಾಕಿಂಗ್ ಅವರ ಲೆಕ್ಕದಂತೆ ಹೊರಬರುವ ಶಾಖದಲ್ಲಿ ಒಳಬಿದ್ದುದರ ಗುರುತೇ ಇಲ್ಲ. ಆದ್ದರಿಂದ ಮಾಹಿತಿ ಶಾಶ್ವತವಾಗಿ ನಷ್ಟವಾಗುತ್ತದೆ ಎಂದು ಅವರು 1976ರಲ್ಲಿ ಸಾರಿದರು. ಕ್ವಾಂಟಂ ವಿಜ್ಞಾನದ ಬುಡಕ್ಕೇ ಬಿದ್ದ ಪೆಟ್ಟು ಇದು. ಏಕೆಂದರೆ ಆ ವಿಜ್ಞಾನದ ಮೂಲನಿಯಮದ ಪ್ರಕಾರ, ಜಗತ್ತಿನ ಈಗಿನ ಸ್ಥಿತಿ ಪೂರ್ತಿ ತಿಳಿದರೆ ಹಿಂದಿನ ಸ್ಥಿತಿಯನ್ನು ಲೆಕ್ಕ ಹಾಕಿ ತೆಗೆಯಬಹುದು. ಒಂದು ಪುಸ್ತಕವನ್ನು ಸುಟ್ಟರೆ ಅಕ್ಷರಗಳು ಹೋಗುತ್ತವೆ. ಆದರೆ ಬೂದಿ, ಹೊಗೆ, ಬೆಳಕು, ಶಾಖ ಇವುಗಳ ಪ್ರತಿಯೊಂದು ಕಣದ ಚಲನೆಯನ್ನೂ ಹಿಡಿಯಬಲ್ಲವನಿದ್ದರೆ, ತಾತ್ತ್ವಿಕವಾಗಿ ಆ ಪುಸ್ತಕವನ್ನು ಮತ್ತೆ ಓದಬಹುದು. ಬೆಂಕಿ ಮಾಹಿತಿಯನ್ನು ಚದುರಿಸುತ್ತದೆ, ಕೊಲ್ಲುವುದಿಲ್ಲ. ಹಾಕಿಂಗ್ ಅವರ ಪ್ರಕಾರ ಕಪ್ಪು ಕುಳಿಯಾದರೋ ಕೊಲ್ಲುತ್ತದೆ.

1997ರ ಫೆಬ್ರವರಿಯಲ್ಲಿ ಹಾಕಿಂಗ್ ಮತ್ತು ಕಿಪ್ ಥಾರ್ನ್ ಒಂದು ಕಡೆ, ಜಾನ್ ಪ್ರೆಸ್ಕಿಲ್ ಇನ್ನೊಂದು ಕಡೆ ನಿಂತು ಪಂದ್ಯ ಕಟ್ಟಿದರು. ಗೆದ್ದವನು ಬಯಸಿದ ವಿಶ್ವಕೋಶವನ್ನು ಸೋತವನು ಕೊಡಬೇಕು. ಏಕೆಂದರೆ ಅದರಿಂದ ಮಾಹಿತಿಯನ್ನು ಬೇಕಾದಾಗ ಹಿಂದಕ್ಕೆ ಪಡೆಯಬಹುದು. 2004ರ ಜುಲೈಯಲ್ಲಿ ಡಬ್ಲಿನ್ ನಗರದ ಸಮ್ಮೇಳನದಲ್ಲಿ ಹಾಕಿಂಗ್ ತಮ್ಮ 28 ವರ್ಷಗಳ ಮತವನ್ನು ಬಿಟ್ಟು, ಮಾಹಿತಿ ಉಳಿಯುತ್ತದೆ ಎಂದು ಒಪ್ಪಿಕೊಂಡು, ಪ್ರೆಸ್ಕಿಲ್ ಕೇಳಿದ ಬೇಸ್‌ಬಾಲ್ ವಿಶ್ವಕೋಶವನ್ನು ಕೊಟ್ಟರು. ಮಾಹಿತಿ ಗುರುತು ಸಿಗದಷ್ಟು ಚದುರಿ ಹೊರಬರುವುದರಿಂದ, ಪುಸ್ತಕದ ಬದಲು ಅದರ ಬೂದಿಯನ್ನೇ ಕೊಡಬಹುದಿತ್ತೇನೋ ಎಂದು ತಮಾಷೆಯನ್ನೂ ಮಾಡಿದರು. ಥಾರ್ನ್ ಮಾತ್ರ ಆಗ ಸೋಲೊಪ್ಪಲಿಲ್ಲ. ತಮಗೆ ಇನ್ನೂ ಮನವರಿಕೆಯಾಗಿಲ್ಲವೆಂದರು. ಮನವರಿಕೆಯಾದಾಗ ಮತ ಬಿಟ್ಟವರೂ, ಆಗದಿದ್ದಾಗ ಬಿಡದವರೂ ಇಬ್ಬರೂ ಪ್ರಾಮಾಣಿಕರೇ.

ಆಮೇಲಿನ ಬೆಳವಣಿಗೆಯನ್ನು ಸಂಕ್ಷೇಪವಾಗಿ ಹೇಳಬಹುದು. ಮಾಹಿತಿ ಉಳಿಯುವುದಾದರೆ ಅದು ಯಾವ ಕ್ರಮದಲ್ಲಿ ಹೊರಬರಬೇಕೆಂದು ಡಾನ್ ಪೇಜ್ 1993ರಲ್ಲಿ ತೋರಿಸಿದ್ದರು: ಕುಳಿಯ ಆಯುಸ್ಸಿನ ಮೊದಲ ದೀರ್ಘ ಭಾಗದಲ್ಲಿ ಬಹುತೇಕ ಏನೂ ಓದಲು ಸಿಗದು, ಅದರ ಎಂಟ್ರೊಪಿ ಅರ್ಧದಷ್ಟಕ್ಕೆ ಇಳಿದ ಸುಮಾರಿನಿಂದ ಮಾಹಿತಿ ಹೊರಬರತೊಡಗುತ್ತದೆ. 1997ರ ಮಾಲ್ಡಸೇನ ಅವರ ಸಿದ್ಧಾಂತ ಉಳಿವಿನ ಪಕ್ಷಕ್ಕೆ ದೊಡ್ಡ ಬಲ ತಂದಿತು. 2019ರಲ್ಲಿ ಎರಡು ತಂಡಗಳ ಲೆಕ್ಕಗಳು ಪೇಜ್ ಹೇಳಿದ ಕ್ರಮವೇ ಬರುವುದೆಂದು ತೋರಿಸಿದವು. ಬೆಂಗಳೂರಿನ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರದ ಸುವ್ರತ್ ರಾಜು ಮತ್ತು ಸಂಗಡಿಗರು ಇನ್ನೂ ಮುಂದೆ ಹೋಗಿ, ಗುರುತ್ವಕ್ಕೆ ಕ್ವಾಂಟಂ ನಿಯಮಗಳು ಅನ್ವಯಿಸುವಲ್ಲಿ ಒಳಗಿನ ಮಾಹಿತಿ ಎಂದೂ ಹೊರಗೂ ಲಭ್ಯವಾಗಿಯೇ ಇರುತ್ತದೆಂದು ವಾದಿಸಿದ್ದಾರೆ. ಆದರೂ ಎಲ್ಲರೂ ಒಪ್ಪಿಲ್ಲ. ರೋಜರ್ ಪೆನ್‌ರೋಸ್, ರಾಬರ್ಟ್ ವಾಲ್ಡ್ ಮುಂತಾದ ಹಿರಿಯರು ನಷ್ಟದ ಪಕ್ಷವನ್ನೇ ಸಮರ್ಥಿಸಿದ್ದಾರೆ. ಆಕಾಶದ ಯಾವ ಕಪ್ಪು ಕುಳಿಯಿಂದಲೂ ಹಾಕಿಂಗ್ ವಿಕಿರಣವನ್ನು ಈವರೆಗೆ ಯಾರೂ ಕಂಡಿಲ್ಲ; ಅದು ಅಷ್ಟು ಮಂದ. ಅಂದಮೇಲೆ ಈ ನಿರ್ಣಯವೆಲ್ಲ ಲೆಕ್ಕದಿಂದ ಬಂದುದೇ ಹೊರತು ಪ್ರಯೋಗದಿಂದ ಬಂದುದಲ್ಲ.

ಈಗ ಪ್ರಕೃತ ವಿಷಯಕ್ಕೆ ಬರೋಣ. ಈ ವಿವಾದದೊಳಗೆ ಮೂರು ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಒಂದು, ನಡೆದುದರ ಗುರುತು ಎಲ್ಲಿಯಾದರೂ ಇದೆಯೆ? ಎರಡು, ಇದ್ದರೆ ಅದನ್ನು ಓದಲು ಸಾಧ್ಯವೆ? ಮೂರು, ನಡೆಸಿದವನು ಅದಕ್ಕೆ ಹೊಣೆಯೆ? ಭೌತವಿಜ್ಞಾನ ಮಾತನಾಡುವುದು ಮೊದಲನೆಯದನ್ನು ಕುರಿತು. ಸ್ವಲ್ಪಮಟ್ಟಿಗೆ ಎರಡನೆಯದನ್ನು ಕುರಿತು. ಇವೆರಡೂ ಒಂದೇ ಅಲ್ಲ. ಹಳೆಯ ಕಪ್ಪು ಕುಳಿಯ ವಿಕಿರಣದಲ್ಲಿ ಮಾಹಿತಿ ಇದ್ದರೂ ಅದನ್ನು ಬಿಡಿಸಿ ಓದಲು ಬೇಕಾಗುವ ಗಣನೆ, ಕುಳಿಯೇ ಸವೆದು ಮುಗಿಯುವಷ್ಟು ಕಾಲದಲ್ಲಿಯೂ ಪೂರೈಸಲಾರದಷ್ಟು ದೊಡ್ಡದಾಗಿರಬಹುದೆಂದು ಹಾರ್ಲೋ ಮತ್ತು ಹೇಡನ್ 2013ರಲ್ಲಿ ವಾದಿಸಿದರು. ಇದೆ, ಆದರೆ ಯಾರಿಗೂ ಸಿಗದು. ಮೂರನೆಯ ಪ್ರಶ್ನೆಯನ್ನಂತೂ ಯಾವ ಸಮೀಕರಣವೂ ಮುಟ್ಟುವುದಿಲ್ಲ.

ವ್ಯಾಪಾರದಲ್ಲಿ ಇರುವವರು ಈ ಭೇದವನ್ನು ನಿತ್ಯವೂ ಕಾಣುತ್ತಾರೆ. ನಮ್ಮ ದೇಶದ 1963ರ ಕಾಲಮಿತಿ ಕಾಯಿದೆಯ ಪ್ರಕಾರ, ಕೊಟ್ಟ ಸಾಲಕ್ಕೆ ಸಾಮಾನ್ಯವಾಗಿ ಮೂರು ವರ್ಷಗಳೊಳಗೆ ದಾವೆ ಹೂಡಬೇಕು. ಅವಧಿ ಮೀರಿದರೆ ನ್ಯಾಯಾಲಯ ವಸೂಲಿಗೆ ನೆರವಾಗದು. ಹಾಗೆಂದು ಸಾಲವೇ ಅಳಿಯಿತೆಂದು ಕಾನೂನು ಹೇಳುವುದಿಲ್ಲ. ಪರಿಹಾರದ ದಾರಿ ಮುಚ್ಚಿತೆಂದಷ್ಟೇ ಹೇಳುತ್ತದೆ. 1872ರ ಕರಾರು ಕಾಯಿದೆಯ 25ನೆಯ ಕಲಮು ಇನ್ನೂ ಸ್ವಾರಸ್ಯಕರ. ಪ್ರತಿಫಲವಿಲ್ಲದ ಕರಾರು ಸಾಮಾನ್ಯವಾಗಿ ಅಸಿಂಧು. ಆದರೆ ಕಾಲಮಿತಿ ಮೀರಿದ ಸಾಲವನ್ನು ತೀರಿಸುತ್ತೇನೆಂದು ಸಾಲಗಾರನು ಬರೆದು ರುಜು ಮಾಡಿದರೆ ಅದು ಹೊಸ ಪ್ರತಿಫಲವಿಲ್ಲದೆಯೂ ಸಿಂಧು. ವಸೂಲಾಗದ ಋಣವೂ ಋಣವೇ ಎಂಬುದನ್ನು ಕಾನೂನು ಒಪ್ಪಿರುವ ರೀತಿ ಇದು.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಒಬ್ಬ ವಿಧವೆ ಪತ್ರವಿಲ್ಲದೆ, ಸಾಕ್ಷಿಯಿಲ್ಲದೆ, ಕೇವಲ ನಂಬಿಕೆಯ ಮೇಲೆ ತನ್ನ ಒಡವೆಗಳನ್ನು ಒಬ್ಬ ವರ್ತಕನ ಬಳಿ ಇಟ್ಟಳೆಂದು ಭಾವಿಸಿರಿ. ಆಕೆ ತೀರಿಕೊಂಡಳು. ಆಕೆಯ ಮಕ್ಕಳಿಗೆ ವಿಷಯ ತಿಳಿಯದು. ವರ್ತಕನು ಒಡವೆಗಳನ್ನು ಕರಗಿಸಿ ಮಾರಿದನು. ತನ್ನ ಚೀಟಿಯನ್ನೂ ಸುಟ್ಟನು. ಕ್ವಾಂಟಂ ನಿಯಮದಂತೆ ಆ ಚೀಟಿಯ ಮಾಹಿತಿ ಹೊಗೆಯಲ್ಲಿ ಉಳಿದಿದೆ ಎನ್ನೋಣ. ಆ ಮಕ್ಕಳಿಗೆ ಅದರಿಂದ ಬಂದ ಲಾಭವೇನು? ಪ್ರತಿಯಾಗಿ, ಮಾಹಿತಿ ಪೂರ್ತಿ ನಾಶವಾಯಿತೆಂದೇ ಇಟ್ಟುಕೊಳ್ಳೋಣ. ವರ್ತಕನ ಋಣ ಒಂದು ಗುಂಜಿಯಷ್ಟಾದರೂ ಕಡಮೆಯಾಯಿತೆ? ಎರಡು ಪಕ್ಷಗಳಲ್ಲಿಯೂ ಆತನು ಕೊಡಬೇಕಾದುದು ಅಷ್ಟೇ. ಅಂದರೆ ಹೊಣೆಯು ಗುರುತಿನ ಉಳಿವನ್ನು ಅವಲಂಬಿಸಿಲ್ಲ. ಹಾಗೆ ಅವಲಂಬಿಸಿದ್ದರೆ, ಹಾಕಿಂಗ್ ಅವರ ಮತ ನಡೆಯುತ್ತಿದ್ದ 1976ರಿಂದ 2004ರವರೆಗೆ ಲೋಕದ ಋಣಗಳೆಲ್ಲ ಸಂದೇಹಕ್ಕೆ ಒಳಗಾಗಿದ್ದು, ಡಬ್ಲಿನ್ ಸಮ್ಮೇಳನದ ಮರುದಿನದಿಂದ ಮತ್ತೆ ಜಾರಿಗೆ ಬಂದುವೆಂದು ಹೇಳಬೇಕಾದೀತು. ಯಾವ ವಿವೇಕಿಯೂ ಹಾಗೆ ಹೇಳಲಾರನು.

ಇದೇ ಕಾರಣದಿಂದ, ಮಾಹಿತಿಯ ಉಳಿವಿನಿಂದ ಕರ್ಮಸಿದ್ಧಾಂತವು ಸಿದ್ಧವಾಯಿತೆನ್ನುವ ಉತ್ಸಾಹಕ್ಕೆ ಕಡಿವಾಣ ಅವಶ್ಯ. ಮೊದಲನೆಯದಾಗಿ, ಉತ್ಪಾದ, ವ್ಯಯ, ಧ್ರೌವ್ಯ ಎಂಬ ಮೂರನ್ನು ಬಲ್ಲ ನಮ್ಮ ವಾಚಕರು ಗಮನಿಸಬೇಕಾದುದೊಂದಿದೆ. ಈ ವಿವಾದದಲ್ಲಿ ದ್ರವ್ಯದ ಉಳಿವು ಪ್ರಶ್ನೆಯೇ ಅಲ್ಲ. ಕುಳಿಯ ತೂಕವೆಲ್ಲ ವಿಕಿರಣದ ಶಕ್ತಿಯಾಗಿ ಹಿಂದಿರುಗುತ್ತದೆಂದು ನಷ್ಟವಾದಿಗಳೂ ಒಪ್ಪುತ್ತಾರೆ. ಪ್ರಶ್ನೆಯಿರುವುದು ಕಳೆದುಹೋದ ಪರ್ಯಾಯದ ಗುರುತನ್ನು ಕುರಿತು. ಎರಡನೆಯದಾಗಿ, ಭೌತಿಕ ಮಾಹಿತಿಗೆ ಕ್ಷಯವಿಲ್ಲವೆಂಬುದೇ ಅದರ ನಿಯಮ. ಕರ್ಮಕ್ಕಾದರೋ ಕ್ಷಯವುಂಟು; ನಿರ್ಜರೆ ಎಂಬ ತತ್ತ್ವವಿರುವುದೇ ಅದಕ್ಕಾಗಿ. ಎಂದೂ ಅಳಿಯದ ಲೆಕ್ಕವೇ ಕರ್ಮವೆಂದಾದರೆ ಮೋಕ್ಷಕ್ಕೆ ದಾರಿಯೇ ಇರದು. ಮೂರನೆಯದಾಗಿ, ಹಿಂದಿನ ಸ್ಥಿತಿಯನ್ನು ಉಳಿಸುವ ಆ ಸಮೀಕರಣವೇ ಮುಂದಿನ ಸ್ಥಿತಿಯನ್ನೂ ನಿಗದಿ ಮಾಡುತ್ತದೆ. ಅದನ್ನು ನೀತಿಯ ಆಧಾರವೆಂದು ಹಿಡಿದವನು ಪುರುಷಾರ್ಥಕ್ಕೆ ಎಲ್ಲಿ ಎಡೆ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕಾಗುತ್ತದೆ. ಕೊನೆಯದಾಗಿ, ವಿಕಿರಣದ ಕಣಗಳಿಗೆ ದಾನವೂ ಒಂದೇ, ಕಳವೂ ಒಂದೇ. ಅವು ಎರಡನ್ನೂ ಸಮನಾಗಿ ಹೊತ್ತಿರುತ್ತವೆ. ಗುರುತಿಸುವುದು ಬೇರೆ, ತೂಗುವುದು ಬೇರೆ.

ವಿಜ್ಞಾನದ ನಿರ್ಣಯ ನಮಗೆ ಅನುಕೂಲವಾದಾಗ ಅದನ್ನು ಸಾಕ್ಷಿಗೆ ಕರೆದು, ಪ್ರತಿಕೂಲವಾದಾಗ ಅದು ಅಪೂರ್ಣವೆಂದು ಬದಿಗಿಡುವುದು ಸರಿಯಾದ ತೂಕವಲ್ಲ. ನಾಳೆ ಪೆನ್‌ರೋಸ್ ಅವರ ಪಕ್ಷವೇ ಗೆದ್ದರೆ, ಇಂದು ಹರ್ಷಿಸಿದವರು ಅಂದು ತಮ್ಮ ಶ್ರದ್ಧೆಯನ್ನು ಬಿಡುವರೆ? ಬಿಡುವುದಿಲ್ಲ ಎಂದಾದರೆ ಆ ಶ್ರದ್ಧೆಗೆ ಈ ಆಧಾರ ಬೇಕಾಗಿಯೇ ಇರಲಿಲ್ಲ.

ಹಾಗಾದರೆ ಈ ವಿಚಾರದಿಂದ ನೀತಿಗೆ ಪ್ರಯೋಜನವೇ ಇಲ್ಲವೆ? ಉಂಟು, ಆದರೆ ಅದು ಪ್ರಮಾಣವಾಗಿ ಅಲ್ಲ, ಎಚ್ಚರಿಕೆಯಾಗಿ. ಒಳ್ಳೆಯ ಲೆಕ್ಕದ ಪುಸ್ತಕದಲ್ಲಿ ತಪ್ಪಾಗಿ ಬರೆದುದನ್ನು ಕೆರೆದು ಅಳಿಸುವ ಪದ್ಧತಿಯಿಲ್ಲ. ಅದನ್ನು ಹಾಗೆಯೇ ಉಳಿಸಿ, ಕೆಳಗೆ ತಿದ್ದುಪಡಿಯ ನಮೂದನ್ನು ಬರೆಯುತ್ತಾರೆ. ಬರಲಾರದ ಬಾಕಿಯನ್ನು ಬಿಟ್ಟುಕೊಡುವಾಗಲೂ ಹಾಳೆಯನ್ನು ಹರಿಯುವುದಿಲ್ಲ. ವಜಾ ಎಂದು ಬರೆದು ಖಾತೆಯನ್ನು ಮುಕ್ತಾಯ ಮಾಡುತ್ತಾರೆ. ಕ್ಷಮೆಯ ರೀತಿಯೂ ಇದೇ. ಪರ್ವದ ಕೊನೆಯಲ್ಲಿ ನಾವು ಪರಸ್ಪರ ಕ್ಷಮೆ ಕೇಳುವಾಗ, ನಡೆದುದು ನಡೆಯಲೇ ಇಲ್ಲವೆಂದು ನಟಿಸುವುದಿಲ್ಲ. ನಡೆದಿದೆ ಎಂದು ಒಪ್ಪಿಕೊಂಡೇ ಅದರ ಬಾಕಿಯನ್ನು ಬಿಡುತ್ತೇವೆ. ಮರೆತವನು ಕ್ಷಮಿಸಲಾರನು, ಏಕೆಂದರೆ ಅವನಲ್ಲಿ ಬಿಟ್ಟುಕೊಡಲು ಏನೂ ಇರುವುದಿಲ್ಲ. ಹಾಗೆಯೇ ಪುರಾವೆಯನ್ನು ಸುಟ್ಟವನು ಶುದ್ಧನಾಗುವುದಿಲ್ಲ. ಶುದ್ಧನಾಗುವ ದಾರಿಯನ್ನು ತಾನೇ ಕಠಿಣ ಮಾಡಿಕೊಳ್ಳುತ್ತಾನೆ, ಏಕೆಂದರೆ ಹಿಂದಿರುಗಿಸಬೇಕಾದುದು ಯಾರಿಗೆ, ಎಷ್ಟು ಎಂಬುದು ಅವನ ನೆನಪೊಂದನ್ನೇ ಆಶ್ರಯಿಸಿ ನಿಲ್ಲುತ್ತದೆ.

ಮೇಲಿನ ಉದಾಹರಣೆಯ ವರ್ತಕನಿಗೆ ಇನ್ನೂ ಕಾಲವಿದೆ. ಚೀಟಿ ಸುಟ್ಟುಹೋಗಿದೆ, ಸಾಕ್ಷಿಗಳಿಲ್ಲ, ಕೇಳುವವರಿಲ್ಲ. ಆದರೂ ಆ ಲೆಕ್ಕವನ್ನು ಓದಬಲ್ಲವನೊಬ್ಬನು ಬದುಕಿದ್ದಾನೆ. ಅವನು ಆ ವರ್ತಕನೇ. ಹೊಗೆಯ ಕಣಗಳಿಂದ ಚೀಟಿಯನ್ನು ಮರಳಿ ಕಟ್ಟಲು ಮನುಷ್ಯನಿಂದಾಗದು. ಆದರೆ ಆ ಮಕ್ಕಳ ಮನೆಗೆ ನಡೆದುಹೋಗಿ, ಒಡವೆಗಳ ತೂಕವನ್ನು ಹೇಳಿ, ಇಂದಿನ ಬೆಲೆಯನ್ನು ಎಣಿಸಿ ಕೊಡಲು ಮನುಷ್ಯನಿಂದಾಗುತ್ತದೆ. ಅವನು ಸತ್ತರೆ ಈ ಎರಡನೆಯ ದಾರಿಯೂ ಮುಚ್ಚುತ್ತದೆ. ಕಪ್ಪು ಕುಳಿಯ ಪ್ರಶ್ನೆಯನ್ನು ವಿಜ್ಞಾನಿಗಳು ಮುಂದಿನ ನೂರು ವರ್ಷ ಚರ್ಚಿಸಲಿ. ಅದು ಅವರ ಕರ್ತವ್ಯ, ಅದನ್ನು ಆಸಕ್ತಿಯಿಂದ ಓದುವುದು ನಮ್ಮ ಸಂತೋಷ. ಪುರಾವೆಯಿಲ್ಲದ ಬಾಕಿ ಯಾರ ಬಳಿಯಾದರೂ ಇದ್ದರೆ, ಅದನ್ನು ತೀರಿಸಲು ಆ ಚರ್ಚೆ ಮುಗಿಯುವವರೆಗೆ ಕಾಯಬೇಕಾಗಿಲ್ಲ.